ಗುಂಪು ಕಟ್ಟಿಕೊಂಡು ಅಮೆರಿಕದ ಮ್ಯೂಸಿಯಂ ನೋಡಲು ಹೊರಟವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ಬಂತೆಂದರೆ ಊರಿನಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬರುತ್ತಾರೆ. ನಾಲ್ಕೈದು ಮನೆಯವರು ಸೇರಿ ಒಂದು ಬಸ್ ಮಾಡಿಕೊಂಡು ಹೊರಡೋಣ ಅನ್ನುವ ಮಾತು ಶುರುವಾಗುತ್ತದೆ. ನಮ್ಮ ಕನ್ನಡ ಕೂಟದವರ ಜೊತೆ ಹೀಗೆ ಹಲವು ಸಲ ಹೋಗಿಬಂದಿದ್ದೇನೆ. ಪ್ರತಿ ಸಲವೂ ಫೋನಿನಲ್ಲಿ ಅವೇ ಪ್ರಶ್ನೆಗಳು ಬರುತ್ತವೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ದರ ಮತ್ತು ಸಮಯ ಆಗಾಗ ಬದಲಾಗುತ್ತವೆ, ಬುಕ್ ಮಾಡುವ ದಿನ ಆಯಾ ಜಾಗದ ವೆಬ್‌ಸೈಟ್ ಒಮ್ಮೆ ನೋಡಿಕೊಳ್ಳಿ.

ಎಷ್ಟು ಜನ ಇದ್ದರೆ ಗುಂಪು ಅಂತ ಲೆಕ್ಕ?

ಒಂದೊಂದು ಕಡೆ ಒಂದೊಂದು ಲೆಕ್ಕ. ಸಾಮಾನ್ಯವಾಗಿ 10 ಅಥವಾ 15 ಜನ ದಾಟಿದರೆ ಗುಂಪು. ಟಿಕೆಟ್ ಇರುವ ಬಹಳ ಕಡೆ ಗುಂಪಿಗೆ ದರ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಮೊದಲೇ ತಿಳಿಸಿ, ಒಳಗೆ ಬಿಡುವ ಸಮಯ ಗೊತ್ತು ಮಾಡಿಕೊಂಡಿರಬೇಕು.

ನಾವಿದನ್ನು ಕಲಿತದ್ದು ಒಂದು ಮ್ಯೂಸಿಯಂ ಬಾಗಿಲಲ್ಲಿ ನಿಂತು. 22 ಜನ ಇದ್ದೆವು. ಬೇರೆ ಬೇರೆ ಮನೆಯವರು ಬೇರೆ ಬೇರೆಯಾಗಿ ಟಿಕೆಟ್ ತೆಗೆದಿದ್ದರು. ಬಾಗಿಲಲ್ಲಿದ್ದವರು ನಮ್ಮ ಒಂದೇ ಬಣ್ಣದ ಟೋಪಿಗಳನ್ನು ನೋಡಿದರು. ಗುಂಪಿನ ಬುಕಿಂಗ್ ಇಲ್ಲ, ಮಧ್ಯಾಹ್ನ ಬನ್ನಿ ಅಂದರು. ಜುಲೈ ಬಿಸಿಲು. ವಯಸ್ಸಾದವರನ್ನು ಮೂರು ಗಂಟೆ ಎಲ್ಲಿ ಕೂರಿಸುವುದು ಅಂತ ಅಲೆದದ್ದು ಇನ್ನೂ ನೆನಪಿದೆ. ಈಗ ಎರಡು ತಿಂಗಳು ಮೊದಲೇ ಮೇಲ್ ಹಾಕುತ್ತೇನೆ.

ಮೊದಲ ಸಲ ಹೋಗುವವರಿಗೆ ಯಾವ ಊರು ಒಳ್ಳೆಯದು?

ವಾಷಿಂಗ್ಟನ್ ಡಿ.ಸಿ. ಯೋಚನೆಯೇ ಬೇಡ. ಒಂದೇ ಉದ್ದನೆಯ ಹುಲ್ಲುಹಾಸಿನ ಎರಡೂ ಬದಿಗೆ ದೊಡ್ಡ ದೊಡ್ಡ ಮ್ಯೂಸಿಯಂಗಳು ಸಾಲಾಗಿ ನಿಂತಿವೆ. ಹೆಚ್ಚಿನವಕ್ಕೆ ಟಿಕೆಟ್ ದುಡ್ಡಿಲ್ಲ. ಯಾರಿಗಾದರೂ ಸುಸ್ತಾದರೆ "ದುಡ್ಡು ಕೊಟ್ಟಿದ್ದೀವಿ, ಪೂರ್ತಿ ನೋಡಲೇಬೇಕು" ಅನ್ನುವ ಒತ್ತಡ ಇರುವುದಿಲ್ಲ. ಗುಂಪಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ನಿಜವಾಗಿಯೂ ಪುಕ್ಕಟೆನಾ? ಒಳಗೆ ಹೋದ ಮೇಲೆ ಕೇಳ್ತಾರಾ?

ಕೇಳುವುದಿಲ್ಲ. ಸ್ಮಿತ್ಸೋನಿಯನ್ ಸಂಸ್ಥೆಯ ವಾಷಿಂಗ್ಟನ್ ಮ್ಯೂಸಿಯಂಗಳೆಲ್ಲ ಉಚಿತ. ಇದರ ಹಿಂದಿನ ಕಥೆ ಊರಿನಿಂದ ಬಂದ ಹಿರಿಯರಿಗೆ ತುಂಬಾ ಇಷ್ಟವಾಗುತ್ತದೆ. ಜೇಮ್ಸ್ ಸ್ಮಿತ್ಸನ್ ಅಂತ ಒಬ್ಬ ಇಂಗ್ಲಿಷ್ ವಿಜ್ಞಾನಿ. ಜನರಲ್ಲಿ ತಿಳಿವಳಿಕೆ ಬೆಳೆಸುವ ಒಂದು ಸಂಸ್ಥೆ ವಾಷಿಂಗ್ಟನ್‌ನಲ್ಲಿ ಆಗಲಿ ಅಂತ ಉಯಿಲು ಬರೆದಿಟ್ಟು 1829ರಲ್ಲಿ ತೀರಿಕೊಂಡರು. ತಮ್ಮ ಜೀವಮಾನದಲ್ಲಿ ಒಮ್ಮೆಯೂ ಅಮೆರಿಕಕ್ಕೆ ಕಾಲಿಟ್ಟವರಲ್ಲ. ಆ ದುಡ್ಡಿನಿಂದ 1846ರಲ್ಲಿ ಸಂಸ್ಥೆ ಹುಟ್ಟಿತು. ಊರೂರಲ್ಲಿ ಅರವಟ್ಟಿಗೆ ಇಟ್ಟು, ಛತ್ರ ಕಟ್ಟಿಸಿ ಹೋದವರ ಹೆಸರನ್ನು ನಮ್ಮಲ್ಲಿ ನೆನೆಯುತ್ತಾರಲ್ವಾ, ಹಾಗೆ.

ಅಲ್ಲೇ ಪಕ್ಕದಲ್ಲಿರುವ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್ ಸ್ಮಿತ್ಸೋನಿಯನ್‌ಗೆ ಸೇರಿದ್ದಲ್ಲ. ಅದೂ ಉಚಿತ. ಲಿಯೊನಾರ್ಡೊ ಡ ವಿಂಚಿಯ ಒಂದು ಚಿತ್ರ ಅಲ್ಲಿದೆ.

ಉಚಿತ ಅಂದ ಮೇಲೆ ಪಾಸ್ ಯಾಕೆ?

ನೂಕುನುಗ್ಗಲು ಆಗಬಾರದು ಅಂತ. ಹುಲ್ಲುಹಾಸಿನ ಬದಿಯ ಏರ್ ಅಂಡ್ ಸ್ಪೇಸ್ ಮ್ಯೂಸಿಯಂಗೆ, 2016ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಇತಿಹಾಸದ ಮ್ಯೂಸಿಯಂಗೆ ಸಮಯ ಹಾಕಿದ ಉಚಿತ ಪಾಸ್ ಮೊದಲೇ ತೆಗೆದುಕೊಳ್ಳಬೇಕು. ಪಾಸ್ ಸಿಗಲಿಲ್ಲವೆಂದರೆ ಬೇಜಾರು ಬೇಡ. ವರ್ಜೀನಿಯಾದ ಶಾಂಟಿಲಿಯಲ್ಲಿ, ವಿಮಾನ ನಿಲ್ದಾಣದ ಹತ್ತಿರ, ಇದೇ ಮ್ಯೂಸಿಯಂನ ಇನ್ನೊಂದು ಭಾಗವಿದೆ. ಉದ್ವಾರ್-ಹೇಜಿ ಕೇಂದ್ರ ಅನ್ನುತ್ತಾರೆ. ಅಲ್ಲಿಗೆ ಪಾಸ್ ಬೇಡ, ಪಾರ್ಕಿಂಗ್‌ಗೆ ಮಾತ್ರ ದುಡ್ಡು. ನಿಜವಾಗಿ ಅಂತರಿಕ್ಷಕ್ಕೆ ಹೋಗಿ ಬಂದ ಡಿಸ್ಕವರಿ ನೌಕೆ ಅಲ್ಲಿ ನಿಂತಿದೆ. ಹತ್ತಿರ ಹೋದರೆ ಅದರ ಮೈಮೇಲಿನ ಹಂಚುಗಳು ಒಂದೊಂದೂ ಕಾಣುತ್ತವೆ. ಸುಟ್ಟ ಗುರುತು, ಕಲೆ, ಎಲ್ಲ ಹಾಗೇ ಇವೆ. ಹುಡುಗರು ಅಲ್ಲಿಂದ ಏಳುವುದೇ ಇಲ್ಲ.

ಭಾಷೆ ಬಾರದ ಹಿರಿಯರಿಗೆ ಮ್ಯೂಸಿಯಂನಲ್ಲಿ ಏನು ಅರ್ಥವಾಗುತ್ತೆ? ಕನ್ನಡದಲ್ಲಿ ವಿವರಣೆ ಸಿಗುತ್ತಾ?

ನನಗೆ ಅತಿ ಮುಖ್ಯ ಅನ್ನಿಸುವ ಪ್ರಶ್ನೆ ಇದು. ಕನ್ನಡದ ಆಡಿಯೊ ಗೈಡ್ ನನಗೆ ಎಲ್ಲೂ ಸಿಕ್ಕಿಲ್ಲ. ಹಾಗಾಗಿ ಹೇಳುವವರು ನಾವೇ ಆಗಬೇಕು.

ನಾನು ಮಾಡುವುದು ಇಷ್ಟೇ. ಹಿಂದಿನ ದಿನ ರಾತ್ರಿ ಊಟ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿ, ಮಾರನೆಯ ದಿನ ನೋಡಲಿರುವ ಮೂರು ವಸ್ತುಗಳ ಕಥೆ ಕನ್ನಡದಲ್ಲಿ ಹೇಳುತ್ತೇನೆ. ಮೂರೇ. ಒಳಗೆ ಹೋದ ಮೇಲೆ ಮೊದಲು ಆ ಮೂರನ್ನು ಹುಡುಕಿ ನೋಡುತ್ತೇವೆ. ಆಮೇಲೆ ಯಾರಿಗೆ ಎಲ್ಲಿ ಬೇಕೋ ಅಲ್ಲಿ ತಿರುಗಲಿ. ಕಥೆ ಗೊತ್ತಿದ್ದರೆ ಗಾಜಿನ ಪೆಟ್ಟಿಗೆಯ ಮುಂದೆ ಜನ ಕಾಲು ಗಂಟೆ ನಿಲ್ಲುತ್ತಾರೆ. ಗೊತ್ತಿಲ್ಲದಿದ್ದರೆ ಫೋಟೊ ತೆಗೆದು ಮುಂದೆ ಹೋಗುತ್ತಾರೆ.

ಒಂದು ಉದಾಹರಣೆ ಹೇಳುತ್ತೇನೆ. ವಾಷಿಂಗ್ಟನ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಹೋಪ್ ವಜ್ರ ಇದೆ. 45.52 ಕ್ಯಾರೆಟ್, ಕಡು ನೀಲಿ. ಸುಮ್ನೆ ನೋಡಿದರೆ ಒಂದು ಕಲ್ಲು. ಆದರೆ ಅದು ನಮ್ಮ ಗೋಲ್ಕೊಂಡ ಸೀಮೆಯ ಕೊಲ್ಲೂರು ಗಣಿಯದು ಅನ್ನುತ್ತಾರೆ. ತಾವೆರ್ನಿಯೆ ಎಂಬ ಫ್ರೆಂಚ್ ವ್ಯಾಪಾರಿ ಒಯ್ದು, 1668ರಲ್ಲಿ ದೊರೆ 14ನೇ ಲೂಯಿಗೆ ಮಾರಿದ. ಫ್ರಾನ್ಸಿನ ಕ್ರಾಂತಿಯ ಗಲಾಟೆಯಲ್ಲಿ ಕಳವಾಯಿತು, ಆಕಾರ ಬದಲಾಯಿತು, ಕೈ ಕೈ ದಾಟಿತು. ಕೊನೆಗೆ ಹ್ಯಾರಿ ವಿನ್‌ಸ್ಟನ್ ಎಂಬ ನ್ಯೂಯಾರ್ಕಿನ ವಜ್ರದ ವ್ಯಾಪಾರಿ 1958ರಲ್ಲಿ ಮ್ಯೂಸಿಯಂಗೆ ದಾನ ಕೊಟ್ಟರು. ಕಳಿಸಿದ್ದು ಹೇಗೆ ಗೊತ್ತಾ? ಕಂದು ಕಾಗದ ಸುತ್ತಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ! ವಿಮೆಯೂ ಸೇರಿ ಅಂಚೆ ಖರ್ಚು 145 ಡಾಲರ್ 29 ಸೆಂಟ್. ನಮ್ಮ ಗುಂಪಿನಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬರಿದ್ದರು. ವಜ್ರಕ್ಕಿಂತ ಆ ಪೋಸ್ಟ್‌ಮ್ಯಾನ್ ಬಗ್ಗೆಯೇ ಅವರು ದಾರಿಯುದ್ದಕ್ಕೂ ಕೇಳುತ್ತಿದ್ದರು.

ದಿನಕ್ಕೆ ಎಷ್ಟು ಮ್ಯೂಸಿಯಂ ನೋಡಬಹುದು?

ದೊಡ್ಡದು ಒಂದು. ಜೊತೆಗೆ ಹೊರಗಿನ ಜಾಗ ಒಂದು. ಅಷ್ಟೇ ಸಾಕು. ನಾಲ್ಕು ಸೇರಿಸಿದರೆ ಕೊನೆಗೆ ನೆನಪಿರುವುದು ಕಾಲು ನೋವು.

ವಾಷಿಂಗ್ಟನ್‌ನಲ್ಲಿ ಹೊರಗಿನದಕ್ಕೆ ಲಿಂಕನ್ ಸ್ಮಾರಕ ಇಟ್ಟುಕೊಳ್ಳಿ, ಅದೂ ರಾತ್ರಿಗೆ. ದಿನದ 24 ಗಂಟೆಯೂ ತೆರೆದಿರುತ್ತದೆ. ಬಿಸಿಲಿಲ್ಲ, ಜನ ಕಡಿಮೆ. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ನಿಂತು ಮಾತನಾಡಿದ ಜಾಗದಲ್ಲಿ ಕಲ್ಲಿನ ಮೇಲೆ ಅಕ್ಷರ ಕೆತ್ತಿದ್ದಾರೆ. ತಲೆ ಎತ್ತಿಕೊಂಡು ಹತ್ತುವವರಿಗೆ ಅದು ಕಾಣುವುದಿಲ್ಲ, ಕಾಲಡಿ ನೋಡಿಕೊಂಡು ಹೋಗಿ.

ವೈಟ್ ಹೌಸ್ ಒಳಗೆ ಹೋಗಬಹುದಾ?

ವಿದೇಶಿ ಪಾಸ್‌ಪೋರ್ಟ್ ಇರುವವರಿಗೆ ಬಹಳ ಕಷ್ಟ. ಅದನ್ನು ನಂಬಿಕೊಂಡು ಪ್ರವಾಸ ಹಾಕಬೇಡಿ. ಬೇಲಿಯ ಹೊರಗಿನಿಂದ ನೋಡಿ ಫೋಟೊ ತೆಗೆಸಿಕೊಳ್ಳಿ. ಸಂಸತ್ ಭವನ, ಅಂದರೆ ಕ್ಯಾಪಿಟಲ್, ಹಾಗಲ್ಲ. ಅಲ್ಲಿನ ಉಚಿತ ಟೂರ್ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಬುಕ್ ಮಾಡಬಹುದು. ಗುಮ್ಮಟದ ಕೆಳಗೆ ನಿಂತು ಮೇಲೆ ನೋಡುವ ಆ ಒಂದು ನಿಮಿಷಕ್ಕಾದರೂ ಹೋಗಬೇಕು.

ನ್ಯೂಯಾರ್ಕಿನಲ್ಲಿ ಲಿಬರ್ಟಿ ಪ್ರತಿಮೆಗೆ ಟಿಕೆಟ್ ಎಲ್ಲಿ ತೆಗೆಯಬೇಕು?

ದ್ವೀಪಕ್ಕೆ ಇಳಿಸುವ ಅಧಿಕೃತ ದೋಣಿ ಒಂದೇ, ಸ್ಟ್ಯಾಚೂ ಸಿಟಿ ಕ್ರೂಸಸ್. ದೋಣಿ ಹೊರಡುವ ಬ್ಯಾಟರಿ ಪಾರ್ಕಿನಲ್ಲಿ ಕೊರಳಿಗೆ ಕಾರ್ಡ್ ಹಾಕಿಕೊಂಡು "ಬನ್ನಿ, ಬನ್ನಿ" ಅನ್ನುವವರಿಂದ ಟಿಕೆಟ್ ಕೊಳ್ಳಬೇಡಿ. ಅವರಲ್ಲಿ ಹಲವರು ಮಾರುವುದು ಪ್ರತಿಮೆಯ ಸುತ್ತ ಒಂದು ಸುತ್ತು ಹಾಕಿ ವಾಪಸ್ ತರುವ ದೋಣಿಯ ಟಿಕೆಟ್. ಬಸ್ಸಿನಲ್ಲಿ ಹೋಗುವವರಿಗೆ ನ್ಯೂಜೆರ್ಸಿ ಕಡೆಯ ಲಿಬರ್ಟಿ ಸ್ಟೇಟ್ ಪಾರ್ಕಿನಿಂದ ಹೊರಡುವುದು ಸಲೀಸು.

ಕಿರೀಟದವರೆಗೆ ಹತ್ತಲು ಬೇರೆ ಟಿಕೆಟ್ ಬೇಕು, ಬೇಗ ಖಾಲಿಯಾಗುತ್ತದೆ. ಪೀಠದ ಮೇಲಿಂದ ಕಿರೀಟಕ್ಕೆ 162 ಮೆಟ್ಟಿಲು, ಇಕ್ಕಟ್ಟಾಗಿ ಸುತ್ತಿಕೊಂಡು ಹೋಗುತ್ತವೆ. ಮಂಡಿ ನೋವಿನವರಿಗೆ ಬೇಡವೇ ಬೇಡ. ಕೆಳಗೆ ನಿಂತೇ ಕಥೆ ಹೇಳಿ. 1886ರಲ್ಲಿ ಅನಾವರಣವಾದದ್ದು, ಫ್ರಾನ್ಸಿನ ಜನರ ಉಡುಗೊರೆ, ಒಳಗಿನ ಕಬ್ಬಿಣದ ಚೌಕಟ್ಟು ಐಫೆಲ್ ಗೋಪುರದ ಐಫೆಲ್ ಮಾಡಿದ್ದು. ಹೊರಗಿನ ತಾಮ್ರದ ತಗಡು ಬರೀ 2.4 ಮಿಲಿಮೀಟರ್ ದಪ್ಪ. ನಮ್ಮ ಮನೆಯ ತಾಮ್ರದ ಹಂಡೆ ನೆನಪಿಸಿಕೊಳ್ಳಿ. ತೊಳೆಯದೆ ಬಿಟ್ಟರೆ ಹಸಿರು ಕಿಲುಬು ಹಿಡಿಯುತ್ತದಲ್ಲ, ಪ್ರತಿಮೆಯ ಬಣ್ಣವೂ ಅದೇ. ಈ ಮಾತು ಹೇಳಿದ ಕೂಡಲೇ ಅಮ್ಮಂದಿರೆಲ್ಲ ಪ್ರತಿಮೆಯನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ.

ಅದೇ ಟಿಕೆಟ್‌ನಲ್ಲಿ ಎಲ್ಲಿಸ್ ದ್ವೀಪವೂ ಸೇರಿದೆ. ಬಿಡಬೇಡಿ. 1892ರಿಂದ 1954ರವರೆಗೆ ಸುಮಾರು 1 ಕೋಟಿ 20 ಲಕ್ಷ ಜನ ಹಡಗಿನಿಂದ ಇಳಿದು ತಪಾಸಣೆಗೆ ನಿಂತ ಜಾಗ ಅದು. ಮಕ್ಕಳನ್ನು ದೂರದೇಶಕ್ಕೆ ಕಳಿಸಿದ ತಂದೆತಾಯಿ ಆ ದೊಡ್ಡ ಹಾಲ್‌ನಲ್ಲಿ ನಿಂತು ಹಳೆಯ ಟ್ರಂಕು, ಬುಟ್ಟಿಗಳನ್ನು ನೋಡುವಾಗ ಹೆಚ್ಚು ಮಾತಾಡುವುದಿಲ್ಲ.

ನ್ಯೂಯಾರ್ಕಿನಲ್ಲಿ ಒಂದೇ ಮ್ಯೂಸಿಯಂ ಅಂದರೆ ಯಾವುದು?

ಮೆಟ್ರೊಪಾಲಿಟನ್, ಎಲ್ಲರೂ ಮೆಟ್ ಅನ್ನುತ್ತಾರೆ. ಬುಧವಾರ ರಜೆ. ಹೊರಗಿನ ದೊಡ್ಡವರಿಗೆ 30 ಡಾಲರ್, 65 ದಾಟಿದವರಿಗೆ 22, 12ರ ಒಳಗಿನ ಮಕ್ಕಳಿಗೆ ಉಚಿತ. ನ್ಯೂಯಾರ್ಕ್ ರಾಜ್ಯದ ನಿವಾಸಿಗಳು ಮನಸ್ಸಿಗೆ ಬಂದಷ್ಟು ಕೊಟ್ಟು ಹೋಗಬಹುದು, ಗುರುತಿನ ಚೀಟಿ ಬೇಕು. ನ್ಯೂಜೆರ್ಸಿಯವರಿಗೆ ಈ ಅನುಕೂಲ ವಿದ್ಯಾರ್ಥಿಯಾಗಿದ್ದರೆ ಮಾತ್ರ. ಇದು ಗೊತ್ತಿಲ್ಲದೆ ಕೌಂಟರ್ ಮುಂದೆ ವಾದ ಮಾಡುವವರನ್ನು ನೋಡಿದ್ದೇನೆ.

ಒಳಗೆ ಡೆಂಡೂರ್ ದೇವಾಲಯ ನೋಡಿ. ಈಜಿಪ್ಟಿನಲ್ಲಿ ನೈಲ್ ನದಿಯ ದಡದಲ್ಲಿ ಎರಡು ಸಾವಿರ ವರ್ಷ ನಿಂತಿದ್ದ ಗುಡಿ ಇದು. ಅಸ್ವಾನ್ ಅಣೆಕಟ್ಟು ಕಟ್ಟಿದಾಗ ಮುಳುಗಡೆಯಾಗುತ್ತಿತ್ತು. ಕಲ್ಲು ಕಲ್ಲು ಬಿಚ್ಚಿದರು, ಈಜಿಪ್ಟ್ 1965ರಲ್ಲಿ ಅಮೆರಿಕಕ್ಕೆ ಕೊಟ್ಟಿತು, 1978ರಲ್ಲಿ ಇಲ್ಲಿ ಮತ್ತೆ ನಿಂತಿತು. ಕನ್ನಂಬಾಡಿ ಕಟ್ಟೆ ನೀರಿನಲ್ಲಿ ಮುಳುಗಿದ್ದ ವೇಣುಗೋಪಾಲಸ್ವಾಮಿ ಗುಡಿಯನ್ನು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಕಟ್ಟಿದ್ದನ್ನು ನೋಡಿದ ಮಂಡ್ಯ, ಮೈಸೂರು ಕಡೆಯವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ.

ಚಿಕ್ಕ ಮಕ್ಕಳೇ ಜಾಸ್ತಿ ಇದ್ದರೆ ಮೆಟ್ ಬಿಟ್ಟು ಸೆಂಟ್ರಲ್ ಪಾರ್ಕಿನ ಆಚೆ ಬದಿಯ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಹೋಗಿ. ಚಾವಣಿಯಿಂದ 94 ಅಡಿಯ ನೀಲಿ ತಿಮಿಂಗಿಲದ ಮಾದರಿ ತೂಗಾಡುತ್ತದೆ. ಅದರ ಕೆಳಗೆ ಮಲಗಿಕೊಂಡು ನೋಡಲು ಬಿಡುತ್ತಾರೆ.

9/11 ಸ್ಮಾರಕಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಹೊರಗಿನ ಸ್ಮಾರಕಕ್ಕೆ ಖಂಡಿತ. ಅದಕ್ಕೆ ಟಿಕೆಟ್ ಇಲ್ಲ. ಎರಡು ಗೋಪುರ ನಿಂತಿದ್ದ ಜಾಗದಲ್ಲಿ ನೀರು ಒಳಕ್ಕೆ ಬೀಳುತ್ತದೆ. ಸುತ್ತ ಕಂಚಿನ ಫಲಕಗಳಲ್ಲಿ 2,983 ಹೆಸರುಗಳು. ಕೆಲವು ಹೆಸರಿನ ಮೇಲೆ ಒಂದು ಬಿಳಿ ಗುಲಾಬಿ ಸಿಕ್ಕಿಸಿರುತ್ತಾರೆ. ಅಂದು ಅವರ ಹುಟ್ಟಿದ ದಿನ ಅಂತ ಅರ್ಥ. ಒಳಗಿನ ಮ್ಯೂಸಿಯಂಗೆ ಟಿಕೆಟ್ ಇದೆ. ದೊಡ್ಡವರಿಗೇ ಭಾರವಾಗುತ್ತದೆ. ಹತ್ತು ವರ್ಷದ ಒಳಗಿನವರನ್ನು ಒಯ್ಯಬೇಡಿ ಅನ್ನುವುದು ನನ್ನ ಮಾತು. ಹಿಟ್ಲರನ ಕಾಲದ ಯಹೂದಿಗಳ ನರಮೇಧದ ಕಥೆ ಹೇಳುವ ವಾಷಿಂಗ್ಟನ್‌ನ ಹೊಲೊಕಾಸ್ಟ್ ಮ್ಯೂಸಿಯಂನ ಮುಖ್ಯ ಪ್ರದರ್ಶನವೂ 11 ದಾಟಿದವರಿಗೆ ಅಂತ ಅವರೇ ಹೇಳುತ್ತಾರೆ.

ವಾಷಿಂಗ್ಟನ್-ನ್ಯೂಯಾರ್ಕ್ ದಾರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಇಳಿಯಬೇಕಾ?

ಇಳಿಯಲೇಬೇಕು. ಲಿಬರ್ಟಿ ಬೆಲ್ ಎಂಬ ಹಳೆಯ ದೊಡ್ಡ ಗಂಟೆ ನೋಡಲು ದುಡ್ಡಿಲ್ಲ, ಮೂವತ್ತು ನಿಮಿಷದಲ್ಲಿ ಆಗುತ್ತದೆ. ಆದರೆ ನಾನು ಜನರನ್ನು ಒಯ್ಯುವುದು ಕಲಾ ಮ್ಯೂಸಿಯಂಗೆ. ಎದುರಿನ 72 ಮೆಟ್ಟಿಲ ಮೇಲೆ ಹುಡುಗರು ಓಡಿ ಫೋಟೊ ತೆಗೆಸಿಕೊಳ್ಳಲಿ. ಹಿರಿಯರಿಗೆ ಮೆಟ್ಟಿಲಿಲ್ಲದ ಬೇರೆ ಬಾಗಿಲಿದೆ.

ಒಳಗೆ, ಮೇಲಿನ ಮಹಡಿಯಲ್ಲಿ, ಮದುರೆಯ ಮದನಗೋಪಾಲಸ್ವಾಮಿ ದೇವಸ್ಥಾನದ ಒಂದು ಮಂಟಪ ಇದೆ. ಮಾದರಿಯಲ್ಲ, ನಿಜವಾದ ಕಗ್ಗಲ್ಲಿನ ಕಂಬಗಳು. ಸುಮಾರು 1560ರ ಕೆಲಸ. ಮದುರೆಯ ನಾಯಕರು ಆಗ ವಿಜಯನಗರಕ್ಕೆ ಅಧೀನರಾಗಿದ್ದವರು. ಹಂಪಿ ನೋಡಿದವರಿಗೆ ಕಂಬದ ಕೆತ್ತನೆ ಅಪರಿಚಿತ ಅನ್ನಿಸುವುದಿಲ್ಲ. 1912ರಲ್ಲಿ ಮದುರೆಗೆ ಹೋಗಿದ್ದ ಫಿಲಡೆಲ್ಫಿಯಾದ ಅಡೆಲಿನ್ ಪೆಪ್ಪರ್ ಗಿಬ್ಸನ್ ಎಂಬ ಹೆಣ್ಣುಮಗಳು ದೇವಸ್ಥಾನದ ಆವರಣದಲ್ಲಿ ಬಿದ್ದಿದ್ದ ಕಲ್ಲುಗಳನ್ನು ಕೊಂಡು ತಂದರು. ಅವರ ಮನೆಯವರು 1919ರಲ್ಲಿ ಮ್ಯೂಸಿಯಂಗೆ ಕೊಟ್ಟರು.

ಹಾಸನದ ಕಡೆಯ ಒಬ್ಬ ಅಜ್ಜಿ ಬಾಗಿಲಲ್ಲೇ ನಿಂತುಬಿಟ್ಟರು. ಮಂದ ಬೆಳಕು. ಕಂಬದ ತುಂಬ ಆಳೆತ್ತರದ ಮೂರ್ತಿಗಳು. ಅಜ್ಜಿ ಬಗ್ಗಿ ಚಪ್ಪಲಿ ಬಿಚ್ಚಿ ಗೋಡೆ ಪಕ್ಕ ಜೋಡಿಸಿಟ್ಟರು. ಕಾವಲಿನವರು ಏನಾದರೂ ಅನ್ನುತ್ತಾರೇನೋ ಅಂತ ನನಗೆ ದಿಗಿಲಾಯಿತು. ಏನೂ ಅನ್ನಲಿಲ್ಲ. ಅಜ್ಜಿ ಒಂದು ಸುತ್ತು ಬಂದು, ನನ್ನ ಹತ್ತಿರ ನಿಂತು, "ದೀಪ ಹಚ್ಚೋರು ಯಾರೂ ಇಲ್ವೇನಪ್ಪಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ವಾರದಲ್ಲಿ ಕೆಲವು ದಿನ ಈ ಮ್ಯೂಸಿಯಂಗೆ ರಜೆ, ನೋಡಿಕೊಂಡು ಹೋಗಿ.

ಶಿಕಾಗೊದಲ್ಲಿ ವಿವೇಕಾನಂದರು ಭಾಷಣ ಮಾಡಿದ ಜಾಗ ನೋಡಬಹುದಾ?

ನೋಡಬಹುದು. ಈಗ ಅದು ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಶಿಕಾಗೊ. 1893ರ ಸೆಪ್ಟೆಂಬರ್ 11ರಂದು ಅವರು ಮಾತು ಶುರು ಮಾಡಿದ್ದು ಇದೇ ಕಟ್ಟಡದಲ್ಲಿ. ಆ ಸಭೆಗೆಂದು ಕಟ್ಟಿದ್ದ ತಾತ್ಕಾಲಿಕ ಸಭಾಂಗಣ ಈಗ ಇಲ್ಲ. ಹೊರಗೆ ಮಿಷಿಗನ್ ರಸ್ತೆಯಲ್ಲಿ ಅವರ ಹೆಸರಿನ ಬೋರ್ಡ್ ಇದೆ. ಬಾಗಿಲ ಎರಡು ಕಂಚಿನ ಸಿಂಹಗಳ ನಡುವೆ ನಿಂತು ಅವರ ಮೈಸೂರಿನ ಕಥೆ ಹೇಳಿ. ಅದರ ಹಿಂದಿನ ವರ್ಷ, 1892ರಲ್ಲಿ, ಅವರು ಮೈಸೂರಿಗೆ ಬಂದು ಚಾಮರಾಜ ಒಡೆಯರ ಅತಿಥಿಯಾಗಿದ್ದರು.

ಅಲ್ಲಿಂದ ನಡೆದು ಹೋಗುವಷ್ಟೇ ದೂರದಲ್ಲಿ ಮಿಲೆನಿಯಂ ಪಾರ್ಕ್. ಅಲ್ಲಿನ ಅವರೆಕಾಳಿನ ಆಕಾರದ, ಹೊಳೆಯುವ ದೊಡ್ಡ ಉಕ್ಕಿನ ಶಿಲ್ಪ ಮುಂಬಯಿಯಲ್ಲಿ ಹುಟ್ಟಿದ ಅನೀಶ್ ಕಪೂರ್ ಮಾಡಿದ್ದು. ಉಚಿತ. ಎತ್ತರದಿಂದ ನೋಡುವ ಆಸೆಯಿದ್ದವರಿಗೆ ವಿಲಿಸ್ ಟವರಿನ 103ನೇ ಮಹಡಿ. 110 ಮಹಡಿಯ ಆ ಕಟ್ಟಡದ ಎಂಜಿನಿಯರ್ ಢಾಕಾದ ಕಡೆಯ ಫಜ್ಲುರ್ ರಹಮಾನ್ ಖಾನ್. ಮಕ್ಕಳಿಗೆ ಫೀಲ್ಡ್ ಮ್ಯೂಸಿಯಂನಲ್ಲಿ ಸೂ ಎಂಬ ಡೈನೋಸಾರ್ ಅಸ್ಥಿಪಂಜರ ತೋರಿಸಿ.

ಸಿಟಿಪಾಸ್ ತರಹದ್ದು ತೆಗೆದುಕೊಂಡರೆ ಲಾಭವಾ?

ಸಿಟಿಪಾಸ್ ಅಂದರೆ ಒಂದು ಊರಿನ ಹಲವು ಜಾಗಗಳಿಗೆ ಸೇರಿಸಿ ಕೊಡುವ ಒಂದೇ ಟಿಕೆಟ್. ಒಂಬತ್ತು ದಿನದೊಳಗೆ ಅದರಲ್ಲಿರುವ ಎಲ್ಲ ಜಾಗ ನೋಡುವ ಗಟ್ಟಿಗರಿಗೆ ಲಾಭ. ಹಿರಿಯರಿರುವ ಗುಂಪಿಗೆ ಅಲ್ಲ. ಗುಂಪಿನ ದರ ಕೇಳಿ, ಹಿರಿಯರ ದರ ಕೇಳಿ, ಆಮೇಲೆ ಹೋಲಿಸಿ.

ಜಾಸ್ತಿ ನಡೆಯಲು ಆಗದವರು ಬರಬಹುದಾ?

ಬರಲಿ, ದಯವಿಟ್ಟು ಮನೆಯಲ್ಲಿ ಬಿಟ್ಟು ಬರಬೇಡಿ. ದೊಡ್ಡ ಮ್ಯೂಸಿಯಂಗಳಲ್ಲೆಲ್ಲ ಬಾಗಿಲ ಹತ್ತಿರವೇ ಗಾಲಿಕುರ್ಚಿ ಉಚಿತವಾಗಿ ಕೊಡುತ್ತಾರೆ. ಲಿಫ್ಟ್ ಇದೆ. ನಮ್ಮವರಿಗೆ ಗಾಲಿಕುರ್ಚಿ ಅಂದರೆ ನಾಚಿಕೆ. "ನಾನೇನು ರೋಗಿನಾ?" ಅನ್ನುತ್ತಾರೆ. ನಾನು ಎರಡು ಕುರ್ಚಿ ತಂದು ಸುಮ್ನೆ ಜೊತೆಯಲ್ಲಿ ತಳ್ಳಿಸಿಕೊಂಡು ಹೋಗುತ್ತೇನೆ, ಅದರಲ್ಲಿ ಬ್ಯಾಗ್ ಇಟ್ಟು. ಅರ್ಧ ಗಂಟೆಯಲ್ಲಿ ಯಾರೋ ಒಬ್ಬರು ಕೂತಿರುತ್ತಾರೆ. ಗುಂಪಿನ ವೇಗ ಯಾವಾಗಲೂ ಎಲ್ಲರಿಗಿಂತ ನಿಧಾನ ನಡೆಯುವವರದ್ದೇ ಆಗಿರಲಿ.

ಊಟಕ್ಕೆ ಏನು ಮಾಡೋದು? ಚಿತ್ರಾನ್ನ ಕಟ್ಟಿಕೊಂಡು ಹೋಗಬಹುದಾ?

ಧಾರಾಳವಾಗಿ. ಪ್ರದರ್ಶನದ ಕೋಣೆಗಳಲ್ಲಿ ತಿನ್ನುವ ಹಾಗಿಲ್ಲ, ಹೊರಗೆ ವಾಷಿಂಗ್ಟನ್‌ನ ಹುಲ್ಲುಹಾಸಿನ ಮೇಲೆ ಚಾಪೆ ಹಾಸಿ ಕೂರಬಹುದು. ಮೊಸರನ್ನಕ್ಕೆ ಐಸ್ ಡಬ್ಬ ಬೇಕು, ಪುಳಿಯೋಗರೆ, ಚಪಾತಿ, ಚಟ್ನಿಪುಡಿ ತೊಂದರೆ ಇಲ್ಲ. ಕ್ಯಾಪಿಟಲ್ ಒಳಗೆ ಮಾತ್ರ ಊಟ ಹೋಗಲಿ, ನೀರನ್ನೂ ಬಿಡುವುದಿಲ್ಲ. ಖಾಲಿ ಬಾಟಲಿ ಒಯ್ದು ಒಳಗೆ ತುಂಬಿಸಿಕೊಳ್ಳಿ. ಆ ದಿನ ಡಬ್ಬಗಳು ಬಸ್ಸಿನಲ್ಲೇ ಇರಲಿ.

ಬ್ಯಾಗ್ ತಪಾಸಣೆ ಹೇಗಿರುತ್ತದೆ?

ಹೆಚ್ಚುಕಡಿಮೆ ವಿಮಾನ ನಿಲ್ದಾಣದ ಹಾಗೆ. ಹಣ್ಣು ಕೊಯ್ಯುವ ಚಾಕು, ಅಡಕತ್ತರಿ ಎರಡನ್ನೂ ಮನೆಯಲ್ಲೇ ಬಿಡಿ. ಎಲೆ ಅಡಿಕೆ ಚೀಲ ಒಯ್ಯುವ ತಾತಂದಿರಿಗೆ ಹಿಂದಿನ ದಿನವೇ ಹೇಳಿ, ಕತ್ತರಿಸಿದ ಅಡಿಕೆ ತುಂಬಿಸಿಕೊಡಿ.

ಯಾವ ತಿಂಗಳು ಒಳ್ಳೆಯದು?

ಸೆಪ್ಟೆಂಬರ್, ಅಕ್ಟೋಬರ್. ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ವಾಷಿಂಗ್ಟನ್‌ನ ಚೆರ್ರಿ ಹೂ ಚೆಂದ, ಆದರೆ ಜನಜಾತ್ರೆ. ಆಮೇಲೆ ಮೇ ಮುಗಿಯುವವರೆಗೂ ಶಾಲೆ ಮಕ್ಕಳ ಬಸ್ಸುಗಳು. ಸ್ಮಿತ್ಸೋನಿಯನ್‌ನ ದೊಡ್ಡ ಮ್ಯೂಸಿಯಂಗಳಿಗೆ ವರ್ಷದಲ್ಲಿ ಒಂದೇ ರಜೆ, ಡಿಸೆಂಬರ್ 25. ಸರ್ಕಾರದ ಬಜೆಟ್ ನಿಂತುಹೋದರೆ ಅವೂ ಮುಚ್ಚಬಹುದು. 2019ರಲ್ಲಿ, 2025ರಲ್ಲಿ ಹಾಗಾಗಿದೆ.

ಯಾರಾದರೂ ಕಳೆದುಹೋದರೆ?

ಒಳಗೆ ಹೋದ ಕೂಡಲೇ ಸೇರುವ ಜಾಗ ತೋರಿಸಿ. "ಬಾಗಿಲ ಹತ್ತಿರ" ಅನ್ನಬೇಡಿ, ಬಾಗಿಲು ಮೂರು ಇರುತ್ತವೆ. ವಾಷಿಂಗ್ಟನ್‌ನ ನ್ಯಾಚುರಲ್ ಹಿಸ್ಟರಿಯಲ್ಲಿ ನಡು ಹಾಲ್‌ನ ದೊಡ್ಡ ಆನೆ ಇದೆ, "ಆನೆ ಹತ್ತಿರ" ಅಂದರೆ ಸಾಕು. ಪ್ರತಿಯೊಬ್ಬರ ಕಿಸೆಯಲ್ಲಿ ಇಬ್ಬರ ಫೋನ್ ನಂಬರ್ ಬರೆದ ಚೀಟಿ ಇರಲಿ. ಊರಿನ ಸಿಮ್ ಇಲ್ಲಿ ಕೆಲಸ ಮಾಡದಿರಬಹುದು.

ಬಸ್ ಎಲ್ಲಿ ನಿಲ್ಲಿಸೋದು?

ಬಾಗಿಲ ಮುಂದೆ ನಿಲ್ಲಿಸಲು ಬಿಡುವುದಿಲ್ಲ. ಇಳಿಸಿ ಹೋಗಬೇಕು, ಹೇಳಿದ ಹೊತ್ತಿಗೆ ಬಂದು ಹತ್ತಿಸಿಕೊಳ್ಳಬೇಕು. ವಾಷಿಂಗ್ಟನ್, ನ್ಯೂಯಾರ್ಕ್ ಎರಡರಲ್ಲೂ ನಿಂತ ಬಸ್ಸಿನ ಎಂಜಿನ್ ಮೂರು ನಿಮಿಷಕ್ಕಿಂತ ಜಾಸ್ತಿ ಓಡುತ್ತಿದ್ದರೆ ದಂಡ. ಹಾಗಾಗಿ ಬಸ್ಸಿಗಾಗಿ ನಾವು ಕಾಯಬೇಕೇ ಹೊರತು ಬಸ್ ನಮಗಾಗಿ ಕಾಯುವುದಿಲ್ಲ. ಹತ್ತುವ ಸಮಯಕ್ಕೆ 20 ನಿಮಿಷ ಮೊದಲೇ ಎಲ್ಲರನ್ನೂ ಹೊರಗೆ ತನ್ನಿ, ನೆರಳಿನ ಬೆಂಚ್ ಹುಡುಕಿ ಕೂರಿಸಿ, ತಲೆ ಎಣಿಸಿ. ಡ್ರೈವರ್ ನಂಬರ್ ನಿಮ್ಮ ಹತ್ತಿರ ಮಾತ್ರವಲ್ಲ, ಇನ್ನೊಬ್ಬರ ಹತ್ತಿರವೂ ಇರಲಿ.